ಮೈಸೂರಿನಲ್ಲಿ ಒಂದು ಫೋಟೋ ಬೇಟೆ

ಕೇಳುಗರೆಲ್ಲರಿಗೂ ನಮಸ್ಕಾರ.

ಮೈಸೂರಿನ ದೊಡ್ಡ ಗಡಿಯಾರದ ಮುಖದ ಮೇಲೆ ಯಾವ ಲಿಪಿಯ ಅಂಕಿಗಳಿವೆ? ಈ ಊರಿನಲ್ಲೇ ಹುಟ್ಟಿ ಬೆಳೆದ ಕಾಲೇಜು ಮಕ್ಕಳನ್ನು ಕೇಳಿ ನೋಡಿ, ಅನೇಕರು ತಡವರಿಸುತ್ತಾರೆ. ಪುರಭವನದ ಬಳಿ ಬಸ್ಸು ಹಿಡಿಯುವವರು, ಎದುರು ರಸ್ತೆಯಲ್ಲಿ ಚುರುಮುರಿ ತಿನ್ನುವವರು, ದಸರಾ ದೀಪ ನೋಡಲು ಬಂದು ಅಲ್ಲೇ ನಿಂತವರು ಎಲ್ಲರೂ ಅದರ ಕೆಳಗೆ ಹಾದುಹೋಗಿರುತ್ತಾರೆ. ಕತ್ತೆತ್ತಿ ನೋಡಿರುವುದಿಲ್ಲ, ಅಷ್ಟೆ. ನಮ್ಮ ಬಡಾವಣೆಯ ಯುವಜನರ ಗುಂಪಿಗಾಗಿ ನಾವು ನಡೆಸುವ ಫೋಟೋ ಬೇಟೆಯ ಮೊದಲ ಸುಳಿವು ಆ ಗಡಿಯಾರದ್ದೇ.

ಆಟ ಸರಳವಾದದ್ದು. ನಾಲ್ಕೈದು ಜನರ ತಂಡ, ತಂಡಕ್ಕೆ ಒಂದೇ ಮೊಬೈಲ್, ಕೈಯಲ್ಲಿ ಸುಳಿವುಗಳ ಒಂದು ಹಾಳೆ. ಸುಳಿವನ್ನು ಬಿಡಿಸಬೇಕು, ಜಾಗವನ್ನು ಹುಡುಕಬೇಕು, ಚಿತ್ರ ತೆಗೆಯಬೇಕು, ಹೇಳಿದ ಹೊತ್ತಿಗೆ ಹಿಂತಿರುಗಬೇಕು. ಮೊಬೈಲಿನಲ್ಲಿ ಇಂಟರ್ನೆಟ್ ಆರಿಸಿರಬೇಕು. ಈ ಒಂದು ಷರತ್ತನ್ನು ನಾವು ಎಂದೂ ಸಡಿಲಿಸುವುದಿಲ್ಲ. ದಾರಿ ಗೊತ್ತಾಗದಿದ್ದರೆ ಜನರನ್ನು ಕೇಳಬೇಕು. ಆಟವನ್ನು ಇಟ್ಟಿರುವುದೇ ಅದಕ್ಕಾಗಿ.

ಇಂಥ ಆಟವನ್ನು ಈಗ ಬಹಳ ಕಡೆ ಆಡಿಸುತ್ತಾರೆ. ಆದರೆ ಸಾಮಾನ್ಯವಾಗಿ ಸಿದ್ಧವಾಗುವ ಪಟ್ಟಿ ಎಂಥದ್ದು? ಅರಮನೆಯ ಮುಂದೆ ಒಂದು ಸೆಲ್ಫಿ, ಒಂದು ಕೆಂಪು ಕಾರು, ಎಲ್ಲರೂ ಒಟ್ಟಿಗೆ ನೆಗೆಯುತ್ತಿರುವ ಒಂದು ಚಿತ್ರ. ನಗು ಬರುತ್ತದೆ, ಹೊತ್ತು ಹೋಗುತ್ತದೆ. ಊರು ಮಾತ್ರ ಮುಖಗಳ ಹಿಂದೆ ಮಸುಕಾಗಿ ಉಳಿದುಬಿಡುತ್ತದೆ. ಹಾಗಾಗಿ ನಮ್ಮಲ್ಲಿ ಸೆಲ್ಫಿಗೆ ಅಂಕವಿಲ್ಲ. ಪ್ರತಿ ತಂಡಕ್ಕೂ ಒಂದು ಬಣ್ಣದ ದಾರ ಕೊಡುತ್ತೇವೆ. ಅದನ್ನು ಮಣಿಕಟ್ಟಿಗೆ ಕಟ್ಟಿಕೊಂಡ ಒಂದು ಕೈ ಚಿತ್ರದ ಅಂಚಿನಲ್ಲಿ ಕಂಡರೆ ಸಾಕು, ತಂಡ ಅಲ್ಲಿಗೆ ಹೋಗಿತ್ತು ಎಂಬುದಕ್ಕೆ ಅದೇ ಸಾಕ್ಷಿ. ಉಳಿದ ಜಾಗವೆಲ್ಲ ಊರಿಗೆ.

ಈಗ ಗಡಿಯಾರಕ್ಕೆ ಬರೋಣ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬದ ನೆನಪಿಗೆ 1927ರಲ್ಲಿ ಕಟ್ಟಿದ ಗೋಪುರ ಅದು, ಎತ್ತರ 75 ಅಡಿ. ನಮ್ಮ ಸುಳಿವಿನಲ್ಲಿ ಇದಾವುದೂ ಇರುವುದಿಲ್ಲ. "ಕನ್ನಡದಲ್ಲಿ ಹೊತ್ತು ಹೇಳುವವನ ಮುಖವನ್ನು ಸರಿಯಾಗಿ ಒಂಬತ್ತು ಗಂಟೆಗೆ ಸೆರೆಹಿಡಿಯಿರಿ" ಎಂದಷ್ಟೇ ಬರೆದಿರುತ್ತೇವೆ. ತಂಡಗಳು ಗೋಪುರದ ಕೆಳಗೆ ಬಂದು ಕತ್ತೆತ್ತಿ ನಿಲ್ಲುತ್ತವೆ. ಆಗ ಜಗಳ ಶುರುವಾಗುತ್ತದೆ. ೬ ಯಾವುದು, ೯ ಯಾವುದು? ಶಾಲೆಯಲ್ಲಿ ಒಮ್ಮೆ ಕಲಿತು ಬಿಟ್ಟ ಅಂಕಿಗಳು ಅವು. ಒಬ್ಬಳು ಅಂಗೈ ಮೇಲೆ ಬೆರಳಿನಿಂದ ಬರೆದು ತೋರಿಸುತ್ತಾಳೆ, ಇನ್ನೊಬ್ಬ ಹನ್ನೆರಡರಿಂದ ಹಿಂದಕ್ಕೆ ಎಣಿಸುತ್ತಾನೆ. ಪಕ್ಕದಲ್ಲಿ ಪತ್ರಿಕೆ ಓದುತ್ತಾ ಕುಳಿತ ಹಿರಿಯರೊಬ್ಬರು ತಡೆಯಲಾರದೆ ಬಾಯಿ ಹಾಕುತ್ತಾರೆ. ಮುಳ್ಳು ಒಂಬತ್ತನ್ನು ದಾಟುವ ಮೊದಲು ಚಿತ್ರ ಸಿಕ್ಕಿತೋ ಇಲ್ಲವೋ, ಆ ಐದು ನಿಮಿಷ ಅವರು ಅದನ್ನು ನೋಡಿದ ಹಾಗೆ ಊರಿನ ಇನ್ನಾವ ಕಟ್ಟಡವನ್ನೂ ನೋಡಿರುವುದಿಲ್ಲ.

ಅಲ್ಲಿಂದ ಸ್ವಲ್ಪ ದೂರದಲ್ಲೇ ಎರಡನೆಯ ಸುಳಿವು. "ತಂದೆ ಒಂದು ವೃತ್ತದಲ್ಲಿ, ಮಗ ಇನ್ನೊಂದು ವೃತ್ತದಲ್ಲಿ. ಇಬ್ಬರ ಚಿತ್ರವನ್ನೂ ತನ್ನಿ." ಹತ್ತನೆಯ ಚಾಮರಾಜ ಒಡೆಯರು 1894ರಲ್ಲಿ ಕಲ್ಕತ್ತೆಯಲ್ಲಿ ತೀರಿಕೊಂಡಾಗ ನಾಲ್ವಡಿಯವರು ಹತ್ತು ವರ್ಷದ ಬಾಲಕ. ತಾಯಿ ವಾಣಿವಿಲಾಸ ಸನ್ನಿಧಾನದವರು 1902ರವರೆಗೆ ರಾಜ್ಯಭಾರ ನೋಡಿಕೊಂಡರು. ಚಾಮರಾಜ ವೃತ್ತ, ಕೃಷ್ಣರಾಜ ವೃತ್ತ ಎಂಬ ಹೆಸರುಗಳು ಕಂಡಕ್ಟರುಗಳ ಬಾಯಲ್ಲಿ ದಿನವಿಡೀ ಓಡಾಡುತ್ತವೆ. ಆ ಹೆಸರುಗಳ ಒಡೆಯರು ತಂದೆ ಮಕ್ಕಳು ಎಂಬುದು ಬಿಸಿಲಿನಲ್ಲಿ ನಡೆದುಹೋಗಿ ಎರಡು ಮಂಟಪಗಳ ಕೆಳಗೆ ಎರಡು ಮುಖಗಳನ್ನು ನೋಡಿದ ಮೇಲೆ ಮನಸ್ಸಿನಲ್ಲಿ ಕೂರುತ್ತದೆ. ಇಲ್ಲಿ ಒಂದು ಎಚ್ಚರಿಕೆ: ವೃತ್ತದ ನಡುವೆ ನುಗ್ಗುವಂತಿಲ್ಲ. ಪಾದಚಾರಿ ಮಾರ್ಗದಿಂದ ತೆಗೆದ ಚಿತ್ರಕ್ಕೆ ಮಾತ್ರ ಅಂಕ.

ನನಗೆ ಬಹಳ ಪ್ರಿಯವಾದ ಸುಳಿವು ದೇವರಾಜ ಮಾರುಕಟ್ಟೆಯದು. "ಪಟ್ಟಿಯಿಲ್ಲ, ತಕ್ಕಡಿಯಿಲ್ಲ, ಆದರೂ ಅಳೆಯುತ್ತಿದ್ದಾರೆ. ಅಳೆಯುವ ಸಾಧನದ ಚಿತ್ರ ತನ್ನಿ." ಚಿಕ್ಕ ಗಡಿಯಾರದ ಎದುರಿನಿಂದ ಒಳಗೆ ಹೋದ ತಂಡಗಳು ಬಾಳೆಹಣ್ಣಿನ ಗೊನೆಗಳ ನಡುವೆ, ಗೋಪುರದಂತೆ ಪೇರಿಸಿಟ್ಟ ಕುಂಕುಮದ ನಡುವೆ ಸುತ್ತಾಡುತ್ತವೆ. ಕೊನೆಗೆ ಹೂವಿನ ಸಾಲಿನಲ್ಲಿ ಯಾರಿಗೋ ಹೊಳೆಯುತ್ತದೆ. ಮಲ್ಲಿಗೆ ಮಾರುವವರು ಮಾಲೆಯ ತುದಿಯನ್ನು ನಡುಬೆರಳಿಗೆ ಹಿಡಿದು ಮೊಣಕೈವರೆಗೆ ಎಳೆದು ಒಂದು ಮೊಳ ಎನ್ನುತ್ತಾರೆ. ಎರಡು ತೋಳನ್ನೂ ಚಾಚಿದರೆ ಅದು ಮಾರು. ನಮ್ಮ ಗುಂಪಿನ ಹುಡುಗಿಯೊಬ್ಬಳು, "ಅಮ್ಮಾ, ನಿಮ್ಮ ಮೊಳ, ಪಕ್ಕದ ಅಂಗಡಿಯವರ ಮೊಳ ಒಂದೇ ಅಳತೆಯಾ?" ಎಂದು ಕೇಳಿದಳು. "ಕೈ ಬೇರೆ ಅಂದ ಮೇಲೆ ಮೊಳವೂ ಬೇರೆ ಅಲ್ಲವೇನಮ್ಮ? ಅದಕ್ಕೇ ಕೊನೆಯಲ್ಲಿ ಒಂದು ಗೇಣು ಹೆಚ್ಚಿಗೆ ಬಿಡುತ್ತೇನೆ" ಎಂದು ಆಕೆ ಉತ್ತರಿಸಿದರು. ಆ ತಂಡ ತಂದ ಚಿತ್ರದಲ್ಲಿ ಒದ್ದೆ ಬಾಳೆನಾರು, ಅರಿಸಿನ ಹತ್ತಿದ ಉಗುರು, ಮುಂಗೈಯುದ್ದಕ್ಕೂ ಮಲ್ಲಿಗೆ ಇತ್ತು. ಆಕೆಯ ಮುಖ ಇರಲಿಲ್ಲ. ಮುಖ ಬೇಡ ಎಂದು ಆಕೆ ಹೇಳಿದ್ದರು, ಮಕ್ಕಳು ಹಾಗೆಯೇ ನಡೆದುಕೊಂಡಿದ್ದರು. ಆ ದಿನದ ಹೆಚ್ಚಿನ ಅಂಕ ನಾನು ಕೊಟ್ಟದ್ದು ಆ ಚಿತ್ರಕ್ಕೆ.

ಜನರ ಚಿತ್ರ ತೆಗೆಯುವ ವಿಷಯದಲ್ಲಿ ನಾವು ಬಹಳ ಕಟ್ಟುನಿಟ್ಟು. ಮೊದಲು ಮಾತು, ಆಮೇಲೆ ಚಿತ್ರ. ಬೇಡ ಎಂದರೆ ಬೇಡ. ಚಿಕ್ಕ ಮಕ್ಕಳ ಚಿತ್ರ ಬೇಡವೇ ಬೇಡ. ವ್ಯಾಪಾರದ ಹೊತ್ತಿನಲ್ಲಿ ಗಿರಾಕಿಗೆ ಅಡ್ಡವಾಗಿ ನಿಲ್ಲಬಾರದು. ತೆಗೆದ ಚಿತ್ರಗಳು ಗುಂಪಿನ ಹೊರಗೆ ಹೋಗಬಾರದು. ಬಾಳಿನ ದುಡಿಮೆಯಲ್ಲಿ ಮುಳುಗಿರುವ ಒಬ್ಬರನ್ನು ನಮ್ಮ ಆಟದ ವಸ್ತುವನ್ನಾಗಿ ಮಾಡಿಕೊಳ್ಳುವ ಹಕ್ಕು ನಮಗಿಲ್ಲ. ಇದನ್ನು ಹೊರಡುವ ಮುನ್ನವೇ ಬಿಡಿಸಿ ಹೇಳಬೇಕು. ಹೇಳಿದರೆ ಇಂದಿನ ಮಕ್ಕಳಿಗೆ ಖಂಡಿತ ಅರ್ಥವಾಗುತ್ತದೆ.

ಇನ್ನೂ ಕೆಲವು ಸುಳಿವುಗಳಿವೆ. ಎರಡು ತಲೆಯ ಹಕ್ಕಿ ಗಂಡಭೇರುಂಡವನ್ನು ಅರಮನೆಯ ಆವರಣದ ಹೊರಗೆ ಹುಡುಕಿ ಎನ್ನುತ್ತೇವೆ. ಚುರುಕಾದವರು ಸಾರಿಗೆ ಬಸ್ಸಿನ ಮೈಮೇಲೆಯೇ ಹಿಡಿದುಬಿಡುತ್ತಾರೆ. "ಕೌಟಿಲ್ಯ ಮತ್ತೆ ಬೆಳಕು ಕಂಡ ಮನೆ" ಎಂದರೆ ಪ್ರಾಚ್ಯವಿದ್ಯಾ ಸಂಶೋಧನಾಲಯ. ಅಲ್ಲಿಗೆ ಬಂದ ತಾಳೆಗರಿಯ ಕಟ್ಟಿನಲ್ಲಿ ಅರ್ಥಶಾಸ್ತ್ರವನ್ನು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದವರು ಆರ್. ಶಾಮಶಾಸ್ತ್ರಿಗಳು. ಬಾನುಲಿಯ ಸುಳಿವನ್ನಂತೂ ನಾನು ಬಿಡುವುದಿಲ್ಲ: ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆ ವಿಠಲ ವಿಹಾರದಿಂದಲೇ ಆಕಾಶವಾಣಿಯನ್ನು ಆರಂಭಿಸಿದ ಊರು ಇದು.

ಇದೆಲ್ಲ ಆಟವೇ ಆದರೂ ಇದರ ಹಿಂದೆ ನನ್ನದೊಂದು ಕಳವಳವಿದೆ. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ಜೀವಹಾನಿಯಾಯಿತು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿದ್ದಿತು. ಕೆಡವಿ ಕಟ್ಟಬೇಕೋ, ದುರಸ್ತಿ ಮಾಡಿ ಉಳಿಸಬೇಕೋ ಎಂಬ ವಾದ ಅಂದಿನಿಂದ ಎಳೆದಾಡುತ್ತಲೇ ಬಂದಿದೆ. ತಜ್ಞರು ಮಾತಾಡುತ್ತಾರೆ, ವ್ಯಾಪಾರಿಗಳು ಮಾತಾಡುತ್ತಾರೆ, ವಕೀಲರು ಮಾತಾಡುತ್ತಾರೆ. ಇನ್ನು ಐವತ್ತು ವರ್ಷ ಈ ಊರಿನಲ್ಲಿ ಬಾಳಬೇಕಾದ ಹುಡುಗ ಹುಡುಗಿಯರ ದನಿ ಮಾತ್ರ ಅಲ್ಲಿ ಕೇಳುವುದಿಲ್ಲ. ಯಾವ ಕಡೆಯ ವಾದವನ್ನಾದರೂ ಅವರು ಹಿಡಿಯಲಿ. ಆದರೆ ಕಮಾನಿನ ಬಿರುಕನ್ನು, ಅದರ ಕೆಳಗೆ ಅಂಗಡಿ ಇಟ್ಟವರನ್ನು ಹತ್ತಿರದಿಂದ ನೋಡಿದ ಮೇಲೆ ಹಿಡಿಯಲಿ. ಅದಕ್ಕೇ ಪ್ರತಿ ಸಲವೂ ಹಳೆಯ ಕಟ್ಟಡದ ಒಂದು ಗಾಯವನ್ನು ಹುಡುಕುವ ಸುಳಿವನ್ನು ಸೇರಿಸುತ್ತೇವೆ. ಚಿತ್ರಗಳಿಗೆ ದಿನಾಂಕ, ಜಾಗದ ಹೆಸರು ಬರೆದು ಜೋಪಾನವಾಗಿ ಇಡುತ್ತೇವೆ.

ಆಟ ಮುಗಿದ ಮೇಲಿನ ಒಂದು ಗಂಟೆಯೂ ಅಷ್ಟೇ ಮುಖ್ಯ. ಉಪ್ಪಿಟ್ಟು, ಕಾಫಿ ಆದ ನಂತರ ಚಿತ್ರಗಳನ್ನು ಗೋಡೆಯ ಮೇಲೆ ಮೂಡಿಸಿ, ಪ್ರತಿ ತಂಡದಿಂದಲೂ ಕಥೆ ಕೇಳುತ್ತೇವೆ. ಯಾರನ್ನು ಕೇಳಿದಿರಿ, ಅವರು ಏನೆಂದರು? ಅಂಕದ ಅರ್ಧ ಪಾಲು ಇದಕ್ಕೇ ಮೀಸಲು. ಮೊದಲು ಓಡಿ ಬಂದ ತಂಡವೇ ಗೆಲ್ಲುತ್ತದೆ ಎಂಬ ಖಾತ್ರಿ ನಮ್ಮಲ್ಲಿಲ್ಲ.

ಬೇರೆ ಊರುಗಳಲ್ಲಿ ಇದನ್ನು ಮಾಡಬಯಸುವವರು ಮೈಸೂರಿನ ಪಟ್ಟಿಯನ್ನು ನಕಲು ಮಾಡಬೇಡಿ. ಮಂಗಳೂರಿನಲ್ಲಾದರೆ ಹಳೆಯ ಹೆಂಚನ್ನು ತಿರುಗಿಸಿ ನೋಡಿ, ಕಾರ್ಖಾನೆಯ ಹೆಸರು ಉಬ್ಬಕ್ಷರದಲ್ಲಿ ಸಿಕ್ಕೀತು. ಧಾರವಾಡದಲ್ಲಿ 1890ರಿಂದ ಕನ್ನಡದ ಕೆಲಸ ಮಾಡುತ್ತಿರುವ ವಿದ್ಯಾವರ್ಧಕ ಸಂಘದ ಅಂಗಳದಿಂದ ಶುರುಮಾಡಿ. ಸಣ್ಣ ಊರಾದರೆ ಕೆರೆಯ ತೂಬು, ಸಂತೆ ಮೈದಾನ, ಊರಮುಂದಿನ ವೀರಗಲ್ಲು ಇದ್ದೇ ಇರುತ್ತವೆ. ಬೆಳಿಗ್ಗೆ ಏಳಕ್ಕೆ ಹೊರಟು ಬಿಸಿಲೇರುವ ಮುನ್ನ ಮುಗಿಸಿ. ತಂಡಕ್ಕೊಬ್ಬರು ಹಿರಿಯರು ಜೊತೆಗಿರಲಿ, ಆದರೆ ಉತ್ತರ ಹೇಳಿಕೊಡದಿರಲಿ. ಹಿಂದಿನ ಭಾನುವಾರ ನೀವೇ ಒಮ್ಮೆ ಇಡೀ ದಾರಿಯನ್ನು ನಡೆದು, ಸುಳಿವಿನಲ್ಲಿ ಹೇಳಿದ ವಸ್ತುಗಳು ಇನ್ನೂ ಅಲ್ಲಿವೆಯೇ ಎಂದು ನೋಡಿಕೊಂಡು ಬನ್ನಿ. ನಮಸ್ಕಾರ.