ಕಸದ ಕಡತ, ಮಕ್ಕಳ ಕಡತ, ಸಮಿತಿ ಮಾತ್ರ ಒಂದೇ

ನಮಸ್ಕಾರ.

ಬೆಂಗಳೂರು ಬಿಡಿ. ಮಂಗಳೂರು, ಮೈಸೂರು, ಹುಬ್ಬಳ್ಳಿ-ಧಾರವಾಡದಂಥ ಪಾಲಿಕೆ ತಗೊಳ್ಳಿ. ಅಲ್ಲಿ ಕಾಯ್ದೆ ಪ್ರಕಾರ ನಾಲ್ಕು ಸ್ಥಾಯಿ ಸಮಿತಿ ಇರುತ್ತೆ. ತೆರಿಗೆ ಮತ್ತು ಹಣಕಾಸಿಗೆ ಒಂದು, ನಗರ ಯೋಜನೆಗೆ ಒಂದು, ಲೆಕ್ಕಪತ್ರಕ್ಕೆ ಒಂದು. ಉಳಿದದ್ದರ ಹೆಸರು ಸಾರ್ವಜನಿಕ ಆರೋಗ್ಯ, ಶಿಕ್ಷಣ ಮತ್ತು ಸಾಮಾಜಿಕ ನ್ಯಾಯ ಸ್ಥಾಯಿ ಸಮಿತಿ. ಕಸ ಆರೋಗ್ಯದ ಬಾಬ್ತು, ಹಾಗಾಗಿ ಆ ಸಮಿತಿಗೆ ಹೋಗುತ್ತೆ. ವಿಶೇಷ ಅಗತ್ಯವುಳ್ಳ ಮಕ್ಕಳ ಶಿಕ್ಷಣ, ವಿಕಲಚೇತನರಿಗೆ ಅಂತ ತೆಗೆದಿಟ್ಟ ದುಡ್ಡು, ಅದೂ ಅಲ್ಲಿಗೇ. ಅದೇ ಮೇಜು, ಅದೇ ಅಧ್ಯಕ್ಷರು, ಅದೇ ಚಹಾ-ಬಿಸ್ಕತ್ತು.

ಆದರೆ ಸಾಮಾನ್ಯ ಸಭೆಗೆ ಬಂದಾಗ ಈ ಎರಡು ವಿಷಯಕ್ಕೆ ಸಿಗುವ ಹೊತ್ತು ನೋಡಿ. ಕಸದ ವಿಷಯಕ್ಕೆ ವಿರೋಧ ಪಕ್ಷದವರು ಕಸದಿಂದ ಸೋರಿದ ಕಪ್ಪು ನೀರನ್ನು ಬಾಟಲಿಯಲ್ಲಿ ತುಂಬಿಕೊಂಡು ಬಂದು ಮೇಯರ್ ಪೀಠದ ಮುಂದೆ ಹಿಡೀತಾರೆ, ಧರಣಿ ಕೂರ್ತಾರೆ, ಸಭಾತ್ಯಾಗ ಮಾಡ್ತಾರೆ. ಮಕ್ಕಳ ವಿಷಯ ಬಂದರೆ "ಅದು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ವ್ಯಾಪ್ತಿ" ಅನ್ನೋ ಒಂದೇ ವಾಕ್ಯಕ್ಕೆ ಮುಗಿಯುತ್ತೆ. ಕಾರಣ ಸರಳ. ಕಸ ನಾರುತ್ತೆ. ಮನೆಯೊಳಗೇ ಉಳಿದ ಮಗು ನಾರೋದಿಲ್ಲ.

ಕಸಕ್ಕಾದರೂ ನ್ಯಾಯ ಸಿಗುತ್ತಾ ಅಂದರೆ, ಅದೂ ಇಲ್ಲ. ಕೂಗು ಜೋರಾಗಿರುತ್ತೆ, ಪ್ರಶ್ನೆ ತಪ್ಪಾಗಿರುತ್ತೆ. "ಕಸ ಸುರಿಯೋ ಯಾರ್ಡ್ ಯಾವಾಗ ಸ್ಥಳಾಂತರ ಮಾಡ್ತೀರಿ?" ಅಂತ ಕೇಳಿದರೆ "ಜಾಗ ಹುಡುಕ್ತಾ ಇದ್ದೇವೆ" ಅಂತ ಉತ್ತರ. ಆ ಉತ್ತರವನ್ನು ಹತ್ತು ವರ್ಷ ಕೊಡಬಹುದು. 2016ರ ಘನತ್ಯಾಜ್ಯ ನಿಯಮಗಳ ಪ್ರಕಾರ ಕಸ ಹೂಳೋ ಹೊಸ ಜಾಗ, ಅಂದರೆ ಲ್ಯಾಂಡ್‌ಫಿಲ್ ನದಿಯಿಂದ 100 ಮೀಟರ್, ಕೆರೆ, ಬಾವಿ, ಹೆದ್ದಾರಿ, ಜನವಸತಿಯಿಂದ 200 ಮೀಟರ್, ವಿಮಾನ ನಿಲ್ದಾಣದಿಂದ 20 ಕಿ.ಮೀ. ದೂರ ಇರಬೇಕಿತ್ತು. ಮಂಗಳೂರಿನ ನಕ್ಷೆ ಇಟ್ಟು ವಿಮಾನ ನಿಲ್ದಾಣದ ಸುತ್ತ 20 ಕಿ.ಮೀ. ಗೆರೆ ಎಳೆದು ನೋಡಿ, ಊರೇ ಒಳಗೆ ಬೀಳುತ್ತೆ. ಬೆಂಗಳೂರಿನವರು ಹೊರವಲಯದ ಮಾವಳ್ಳಿಪುರದ ಯಾರ್ಡ್ ಮುಚ್ಚಿದ ಮೇಲೆ ಮಂಡೂರಿನ ಮೇಲೆ ಸುರಿದರು. ಮಂಡೂರಿನವರು ಎದ್ದು ನಿಂತ ಮೇಲೆ 2014ರ ಕೊನೆಗೆ ಅದೂ ನಿಂತಿತು. ಕಸ ಮಾತ್ರ ಇನ್ನೊಂದು ಊರಿನ ದಾರಿ ಹಿಡಿಯಿತು.

ಹಾಗಾದರೆ ಏನು ಕೇಳಬೇಕು? ಮಣ್ಣಿನ ಲೆಕ್ಕ ಕೇಳಬೇಕು.

ಅದೇ 2016ರ ನಿಯಮಗಳು ಹೇಳಿದ್ದು ಇಷ್ಟು: ಆ ದಿನ ಸುರಿದ ಕಸವನ್ನು ಒತ್ತಿ, ಅದರ ಮೇಲೆ ಕನಿಷ್ಠ 10 ಸೆಂಟಿಮೀಟರ್ ಮಣ್ಣು ಅಥವಾ ಕಟ್ಟಡದ ಪುಡಿಯಂಥ ಜಡ ವಸ್ತು ಹೊದಿಸಬೇಕು. ಮಳೆಗಾಲ ಶುರುವಾಗೋದಕ್ಕೆ ಮುಂಚೆ 40ರಿಂದ 65 ಸೆಂಟಿಮೀಟರ್ ಮಣ್ಣಿನ ಹೊದಿಕೆ, ಇಳಿಜಾರು ಕೊಟ್ಟು, ರೋಲರ್ ಹಾಕಿ. ಈಗ ಲೆಕ್ಕ ಮಾಡಿ. ಕಸ ಸುರಿಯೋ ಜಾಗ ದಿನಕ್ಕೆ 20 ಮೀಟರ್ ಉದ್ದ, 15 ಮೀಟರ್ ಅಗಲ ಅಂತಿಟ್ಟುಕೊಳ್ಳಿ. 300 ಚದರ ಮೀಟರ್. ಅದಕ್ಕೆ 10 ಸೆಂಟಿಮೀಟರ್ ಹೊದಿಕೆ ಅಂದರೆ 30 ಘನ ಮೀಟರ್ ಮಣ್ಣು. ನಮ್ಮ ಕಡೆ ಮಣ್ಣು ಯೂನಿಟ್ ಲೆಕ್ಕದಲ್ಲಿ ಬರುತ್ತೆ, ಒಂದು ಯೂನಿಟ್ 100 ಘನ ಅಡಿ. ಅಂದರೆ ದಿನಕ್ಕೆ ಹತ್ತೂವರೆ ಯೂನಿಟ್, ತಿಂಗಳಿಗೆ 300ಕ್ಕಿಂತ ಜಾಸ್ತಿ. ಕಳೆದ ತಿಂಗಳು ಎಷ್ಟು ಯೂನಿಟ್ ಮಣ್ಣು ಯಾರ್ಡಿಗೆ ಬಂತು, ಬಿಲ್ ತೋರಿಸಿ. ಇದು ಪ್ರಶ್ನೆ. ಇದಕ್ಕೆ "ಪರಿಶೀಲಿಸಿ ಕ್ರಮ ಕೈಗೊಳ್ಳಲಾಗುವುದು" ಅಂತ ಉತ್ತರಿಸೋಕೆ ಆಗಲ್ಲ. ಸಂಖ್ಯೆ ಇದೆ ಅಥವಾ ಇಲ್ಲ.

ಈ ಮಣ್ಣಿಗೆ ಯಾಕಿಷ್ಟು ಒತ್ತು ಅಂದರೆ, ನಾತ, ನೊಣ, ಬೆಂಕಿ, ಕಸದ ನೀರು, ನಾಲ್ಕೂ ಅಲ್ಲಿಂದಲೇ ಶುರು. ಒಂದು ಎಕರೆ ತೆರೆದ ಕಸದ ಮೇಲೆ ಒಂದು ದಿನ 100 ಮಿ.ಮೀ. ಮಳೆ ಬಿದ್ದರೆ ನಾಲ್ಕು ಲಕ್ಷ ಲೀಟರ್ ನೀರು. 10,000 ಲೀಟರಿನ ಟ್ಯಾಂಕರ್ ನಲವತ್ತು. ಕರಾವಳಿಯಲ್ಲಿ ಜುಲೈ ತಿಂಗಳಲ್ಲಿ ಇಂಥ ಮಳೆ ಅಪರೂಪವೇನಲ್ಲ. ಅದರಲ್ಲಿ ಕಸದೊಳಗೆ ಇಳಿದ ನೀರು ಲೀಚೆಟ್ ಅನ್ನೋ ಕಪ್ಪು ಕಸದ ನೀರಾಗಿ ಕೆಳಗೆ ಬರುತ್ತೆ. ಗುಡ್ಡೆ ನೀರು ಕುಡಿದು ಭಾರವಾಗುತ್ತೆ, ಒಳಗಿನ ಹಿಡಿತ ಸಡಿಲವಾಗುತ್ತೆ, ಬದಿ ಕಡಿದಾಗಿದ್ದರೆ ಜಾರುತ್ತೆ. 2019ರ ಆಗಸ್ಟ್‌ನಲ್ಲಿ ಮಂಗಳೂರಿನ ಪಚ್ಚನಾಡಿಯಲ್ಲಿ ಆಗಿದ್ದು ಇದೇ. ಕಸದ ಗುಡ್ಡ ಕುಸಿದು ಕೆಳಗಿನ ಮಂದಾರ ಪ್ರದೇಶಕ್ಕೆ ನುಗ್ಗಿತು. ಅಡಿಕೆ ತೋಟ, ತೆಂಗು, ಮನೆಗಳು ಕಸದಡಿ ಹೋದವು, ಕುಟುಂಬಗಳನ್ನು ಎತ್ತಂಗಡಿ ಮಾಡಬೇಕಾಯಿತು. ಪ್ರಕೃತಿ ವಿಕೋಪ ಅಂತ ಕರೆದವರಿದ್ದಾರೆ. ಮಳೆ ಪ್ರಕೃತಿಯದ್ದು, ಒಪ್ಪೋಣ. ಗುಡ್ಡ ಯಾರು ಕಟ್ಟಿದ್ದು?

ನಾತದ ದೂರಿನ ಬಗ್ಗೆ ಒಂದು ಮಾತು. ಮೀಥೇನ್‌ಗೆ ವಾಸನೆಯೇ ಇಲ್ಲ. ಮೂಗಿಗೆ ಬಡಿಯೋದು ಹೈಡ್ರೋಜನ್ ಸಲ್ಫೈಡ್, ಅಮೋನಿಯಾ, ಮರ್ಕ್ಯಾಪ್ಟನ್‌ನಂಥವು. ಸಂಜೆ ಮೇಲೆ ಗಾಳಿ ನಿಂತು ನೆಲ ತಣ್ಣಗಾದಾಗ ಇವು ಮೇಲೇರದೆ ತಗ್ಗಿನಲ್ಲಿ ಮಡುಗಟ್ಟುತ್ತವೆ. ಬೆಳಗಿನ ಜಾವದವರೆಗೆ ಅದೇ ಪಾಡು. ಆರೋಗ್ಯ ನಿರೀಕ್ಷಕರು ಬರೋದು ಬೆಳಗ್ಗೆ ಹನ್ನೊಂದಕ್ಕೆ, ಬಿಸಿಲು ಏರಿ ಗಾಳಿ ಆಡೋ ಹೊತ್ತಿಗೆ. "ಸ್ಥಳ ಪರಿಶೀಲನೆ ವೇಳೆ ದುರ್ವಾಸನೆ ಕಂಡುಬಂದಿಲ್ಲ" ಅಂತ ಬರೆದು ಹೋಗ್ತಾರೆ. ಅವರು ಸುಳ್ಳು ಬರೆದಿಲ್ಲ, ತಪ್ಪು ಹೊತ್ತಿಗೆ ಬಂದಿದ್ದಾರೆ. ಯಾರ್ಡಿನ ಸುತ್ತಲಿನವರು ದೂರು ಬರೆಯುವಾಗ ದಿನಾಂಕ, ಗಂಟೆ, ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು ಅನ್ನೋದನ್ನು ಸೇರಿಸಿ. ಕಾರ್ಪೊರೇಟರ್ ಪರಿಶೀಲನೆಯನ್ನು ಸಂಜೆ ಏಳರ ಮೇಲೆ ಇಡಿ ಅಂತ ನಿರ್ಣಯ ಮಾಡಿಸಲಿ. ರಸ್ತೆಯುದ್ದಕ್ಕೂ ನಾತ ಇದ್ದರೆ ಯಾರ್ಡಿಗಿಂತ ಮೊದಲು ಕಸ ಒತ್ತಿ ಸಾಗಿಸೋ ಕಾಂಪ್ಯಾಕ್ಟರ್ ಲಾರಿಯ ಕೆಳಗೆ ಬಗ್ಗಿ ನೋಡಿ. ಕಸದ ನೀರು ನಿಲ್ಲೋ ತೊಟ್ಟಿಯ ವಾಲ್ವ್ ತೆರೆದೇ ಇರುತ್ತೆ ಅಥವಾ ಹಿಂಬಾಗಿಲಿನ ರಬ್ಬರ್ ಹರಿದಿರುತ್ತೆ.

ಬೇಸಿಗೆಯಲ್ಲಿ ಬೆಂಕಿ. ಅಗ್ನಿಶಾಮಕದವರು ನೀರು ಹೊಡೀತಾರೆ, ಟಿವಿಯಲ್ಲಿ ಚೆನ್ನಾಗಿ ಕಾಣುತ್ತೆ. ಒಳಗಿನ ಬೆಂಕಿಗೆ ಆ ನೀರು ತಲುಪಲ್ಲ. ಹೊಗೆ ಜಾಸ್ತಿಯಾಗುತ್ತೆ, ಲೀಚೆಟ್ ಜಾಸ್ತಿಯಾಗುತ್ತೆ. ಹಿಟಾಚಿಯಿಂದ ಉರಿಯೋ ಭಾಗ ಬಗೆದು, ಬೇರ್ಪಡಿಸಿ, ಆರಿಸಿ, ಗಾಳಿಯಾಡದಂತೆ ಮಣ್ಣು ಮುಚ್ಚಬೇಕು. ಮತ್ತೆ ಮಣ್ಣು.

ಇನ್ನು ಬಯೋಮೈನಿಂಗ್. ಈಗ ಎಲ್ಲ ಪಾಲಿಕೆಗೂ ಇದೇ ರಾಮಬಾಣ. ಹಳೇ ಕಸ ಬಗೆದು, ಎರಡು ಮೀಟರ್ ಎತ್ತರದ ಸಾಲು ಹಾಕಿ, ಜೈವಿಕ ದ್ರಾವಣ ಸಿಂಪಡಿಸಿ, ಕೆಲವು ವಾರ ಮಗುಚಿ, ಒಣಗಿದ ಮೇಲೆ ಟ್ರೊಮೆಲ್ ಎಂಬ ತಿರುಗೋ ಜರಡಿಗೆ ಹಾಕೋದು. ಮಣ್ಣು ಬೇರೆ, ಕಲ್ಲು ಬೇರೆ, ಪ್ಲಾಸ್ಟಿಕ್-ಬಟ್ಟೆ ಬೇರೆ. ವಿಧಾನ ಒಳ್ಳೆಯದೇ. ಎಡವೋದು ಮೂರು ಕಡೆ. ಮಳೆಗಾಲದಲ್ಲಿ ಒದ್ದೆ ಕಸ ಜರಡಿಗೆ ಮೆತ್ತಿಕೊಂಡು ಕೆಲಸ ನಿಲ್ಲುತ್ತೆ, ಕರಾವಳಿಯಲ್ಲಿ ವರ್ಷಕ್ಕೆ ನಾಲ್ಕು ತಿಂಗಳು ಹೋಯಿತು. ಬೇರ್ಪಟ್ಟ ಪ್ಲಾಸ್ಟಿಕ್ ಉರುವಲಾಗಿ ಸಿಮೆಂಟ್ ಕಾರ್ಖಾನೆಗೆ ಹೋಗಬೇಕು. ಕಾರ್ಖಾನೆಗಳು ಹೆಚ್ಚಾಗಿರೋದು ಕಲಬುರಗಿ ಕಡೆ, ಲಾರಿ ಬಾಡಿಗೆ ಯಾರು ಕೊಡಬೇಕು ಅಂತ ಕರಾರಿನಲ್ಲಿ ಸ್ಪಷ್ಟ ಇಲ್ಲದಿದ್ದರೆ ಅದು ಅಲ್ಲೇ ಹೊಸ ಗುಡ್ಡವಾಗುತ್ತೆ, ಮುಂದಿನ ಬೇಸಿಗೆಗೆ ಅದೇ ಹತ್ತಿಕೊಳ್ಳುತ್ತೆ. ಮೂರನೆಯದು, ಗುತ್ತಿಗೆದಾರರಿಗೆ ಟನ್ ಲೆಕ್ಕದಲ್ಲಿ ದುಡ್ಡು. ಒದ್ದೆ ಕಸ ಹೆಚ್ಚು ತೂಗುತ್ತೆ. ಕೆಲಸದ ಮೊದಲು, ನಂತರ ಡ್ರೋನ್ ಸರ್ವೆ ಮಾಡಿಸಿ ಗಾತ್ರ ಎಷ್ಟು ಇಳಿಯಿತು ಅಂತ ನೋಡದೆ ಬಿಲ್ ಪಾಸ್ ಮಾಡಿದ ಸ್ಥಾಯಿ ಸಮಿತಿ ಕಣ್ಣು ಮುಚ್ಚಿ ಸಹಿ ಹಾಕಿದ ಹಾಗೆ.

ಸರಿ, ಇನ್ನೊಂದು ಕಡತ.

"ಶಿಕ್ಷಣ ನಮ್ಮ ವ್ಯಾಪ್ತಿ ಅಲ್ಲ" ಅನ್ನೋದು ಅರ್ಧ ನಿಜ. ಸರ್ಕಾರಿ ಶಾಲೆ, ಶಿಕ್ಷಕರ ನೇಮಕ ಇಲಾಖೆಯದ್ದು. ಸಮಗ್ರ ಶಿಕ್ಷಣದಡಿ ಬ್ಲಾಕಿಗೆ ಇರೋ ಬಿ.ಐ.ಇ.ಆರ್.ಟಿ.ಗಳು, ಅಂದರೆ ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ಇರೋ ಸಂಪನ್ಮೂಲ ಶಿಕ್ಷಕರು, ಹಲವಾರು ಶಾಲೆಗಳನ್ನು, ಮನೆಯಲ್ಲೇ ಇರೋ ಮಕ್ಕಳನ್ನು ಸುತ್ತಬೇಕು. 2021ರಲ್ಲಿ ಸುಪ್ರೀಂ ಕೋರ್ಟ್ ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ಪ್ರಾಥಮಿಕದಲ್ಲಿ 10ಕ್ಕೆ ಒಬ್ಬರು, ಪ್ರೌಢದಲ್ಲಿ 15ಕ್ಕೆ ಒಬ್ಬರು ವಿಶೇಷ ಶಿಕ್ಷಕರು ಇರಬೇಕು ಅಂತ ಹೇಳಿತು. ನಿಮ್ಮೂರಿನ ಶಾಲೆಗೆ ಹೋಗಿ ವಿಚಾರಿಸಿ.

ಆದರೆ ದುಡ್ಡು ಪಾಲಿಕೆಯ ಕೈಯಲ್ಲೂ ಇದೆ. ನಗರ ಸ್ಥಳೀಯ ಸಂಸ್ಥೆಗಳಲ್ಲಿ ಕೆಲಸ ಮಾಡೋ ಎಲ್ಲರಿಗೂ ಬಾಯಿಪಾಠ ಆಗಿರೋ ಮೂರು ಸಂಖ್ಯೆ, ಶೇಕಡಾ ಲೆಕ್ಕದಲ್ಲಿ: 24.10, 7.25, 5. ಪರಿಶಿಷ್ಟರಿಗೆ, ಇತರ ಬಡವರಿಗೆ, ವಿಕಲಚೇತನರಿಗೆ ಅಂತ ತೆಗೆದಿಡೋ ಪಾಲು. ಆ ಶೇ. 5ರಲ್ಲಿ ಏನಾಗುತ್ತೆ? ಫೆಬ್ರವರಿವರೆಗೆ ಏನೂ ಆಗಲ್ಲ. ಮಾರ್ಚ್‌ನಲ್ಲಿ ಗಡಿಬಿಡಿಯಲ್ಲಿ ತ್ರಿಚಕ್ರ ಸ್ಕೂಟರ್ ಖರೀದಿ, ಸಾಲಾಗಿ ನಿಲ್ಲಿಸಿ ಫೋಟೋ. ಸ್ಕೂಟರ್ ಬೇಡ ಅಂತಲ್ಲ, ಕಾಲಿನ ತೊಂದರೆ ಇರೋ ದುಡಿಯೋ ವ್ಯಕ್ತಿಗೆ ಅದು ಬೇಕೇ ಬೇಕು. ಆದರೆ ಆಟಿಸಂ ಇರೋ ಆರು ವರ್ಷದ ಮಗುವಿಗೆ ಸ್ಕೂಟರ್ ಏನು ಮಾಡಲಿ? ಆ ಮಗುವಿಗೆ ಬೇಕಿರೋದು ವಾರಕ್ಕೆ ಒಂದೆರಡು ಸಲ ಸ್ಪೀಚ್ ಥೆರಪಿ, ಆಕ್ಯುಪೇಷನಲ್ ಥೆರಪಿ, ಅಲ್ಲಿಗೆ ಹೋಗಿ ಬರೋಕೆ ಒಂದು ವಾಹನ. ಒಂದು ದಿನ ಕೊಟ್ಟು ಫೋಟೋ ತೆಗೆಸಿಕೊಳ್ಳೋ ವಸ್ತುವಲ್ಲ ಇದು, ವರ್ಷಪೂರ್ತಿ ನಡೀಬೇಕಾದ ಸೇವೆ. ಸೇವೆಗೆ ಟೆಂಡರ್ ಕರೆಯೋದು ಕಷ್ಟ, ವಸ್ತುವಿಗೆ ಸುಲಭ. ಇಷ್ಟೇ ಗುಟ್ಟು.

ಇನ್ನೊಂದು ತೊಡಕು ಕಾಗದದ್ದು. ಅರ್ಜಿಗೆ ಯುಡಿಐಡಿ ಕಾರ್ಡ್ (ವಿಕಲಚೇತನರ ಗುರುತಿನ ಚೀಟಿ), ಶೇ. 40 ಅಥವಾ ಹೆಚ್ಚು ಅಂಗವೈಕಲ್ಯ ಅಂತ ಕೇಳ್ತಾರೆ. 2018ರ ಕೇಂದ್ರದ ಮಾರ್ಗಸೂಚಿ ಕಲಿಕಾ ನ್ಯೂನತೆಗೆ ಎಂಟು ವರ್ಷ ತುಂಬದೆ ಪ್ರಮಾಣಪತ್ರವೇ ಇಲ್ಲ ಅಂತ ಹೇಳಿತ್ತು. ಒಂದನೇ ತರಗತಿಯಲ್ಲಿ ಅಕ್ಷರ ಕೂಡದೆ ಒದ್ದಾಡೋ ಮಗು ಕಾರ್ಡ್ ಪಡೆಯೋ ಹೊತ್ತಿಗೆ ಮೂರನೇ ತರಗತಿ, ಅಷ್ಟರಲ್ಲಿ "ದಡ್ಡ" ಅಂತ ಹೆಸರು ಬಿದ್ದಿರುತ್ತೆ. ಹಾಗಾಗಿ ತಪಾಸಣೆ ಮತ್ತು ಆರಂಭಿಕ ತರಬೇತಿಗೆ ಕಾರ್ಡ್ ಕಡ್ಡಾಯ ಬೇಡ ಅಂತ ಕೌನ್ಸಿಲ್ ನಿರ್ಣಯ ಮಾಡಿ, ಬೇಕಾದರೆ ಸರ್ಕಾರದ ಅನುಮೋದನೆಗೆ ಕಳಿಸಲಿ.

ಶಾಲೆ, ಅಂಗನವಾಡಿ ಕಟ್ಟಡದ ವಿಷಯಕ್ಕಂತೂ ಬಿಇಒ ಹೆಸರು ಹೇಳಿ ತಪ್ಪಿಸಿಕೊಳ್ಳೋಕೆ ಆಗಲ್ಲ. ರ‍್ಯಾಂಪ್ ಅಂದರೆ ಒಂದು ಅಳತೆ ಎತ್ತರಕ್ಕೆ ಹನ್ನೆರಡು ಅಳತೆ ಉದ್ದ. ಜಗುಲಿ 45 ಸೆಂಟಿಮೀಟರ್ ಎತ್ತರ ಇದ್ದರೆ ರ‍್ಯಾಂಪ್ 5.4 ಮೀಟರ್ ಇರಬೇಕು. ಗುತ್ತಿಗೆದಾರರು ಒಂದೂವರೆ ಮೀಟರಿಗೆ ಮುಗಿಸಿರ್ತಾರೆ. ಅದರ ಮೇಲೆ ಗಾಲಿಕುರ್ಚಿ ಏರಿಸೋಕೆ ಇಬ್ಬರು ಗಂಡಸರು ಬೇಕು, ಇಳಿಸುವಾಗ ದೇವರೇ ಗತಿ. ಮೇಲೆ ಹೋದರೆ ಬಾಗಿಲು 900 ಮಿ.ಮೀ. ಇಲ್ಲ, ಶೌಚಾಲಯದಲ್ಲಿ ಕುರ್ಚಿ ತಿರುಗಿಸೋಕೆ ಒಂದೂವರೆ ಮೀಟರ್ ಜಾಗ ಇಲ್ಲ, ಇದ್ದರೆ ಪೊರಕೆ-ಬಕೆಟ್ ತುಂಬಿ ಬೀಗ ಹಾಕಿರ್ತಾರೆ. ಟೇಪ್ ಹಿಡಿದು ಹೋದರೆ ಒಂದು ವಾರ್ಡಿನ ಶಾಲೆ, ಅಂಗನವಾಡಿಗಳನ್ನು ಎರಡು ದಿನದಲ್ಲಿ ಅಳೀಬಹುದು. ಆ ಪಟ್ಟಿ ಸಭೆಗೆ ತಂದ ಕಾರ್ಪೊರೇಟರ್‌ಗೆ ಕಪ್ಪು ನೀರಿನ ಬಾಟಲಿಯಷ್ಟು ಕ್ಯಾಮೆರಾ ಸಿಗಲ್ಲ, ನಿಜ. ಉತ್ತರ ಸಿಗುತ್ತೆ.

ಇಷ್ಟೆಲ್ಲ ಕೇಳೋಕೆ ಕೌನ್ಸಿಲ್ ಇರಬೇಕಲ್ಲ. ಬೆಂಗಳೂರಿನಲ್ಲಿ 2020ರ ಸೆಪ್ಟೆಂಬರ್‌ಗೆ ಅವಧಿ ಮುಗಿಯಿತು, ಮೈಸೂರಿನಲ್ಲಿ 2023ರ ನವೆಂಬರ್‌ಗೆ, ಮಂಗಳೂರಿನಲ್ಲಿ 2025ರ ಫೆಬ್ರವರಿಗೆ. ಅವಧಿ ಮುಗಿಯೋದರೊಳಗೆ ಚುನಾವಣೆ ಆಗಬೇಕು ಅಂತ ಸಂವಿಧಾನದ 243ಯು ವಿಧಿ ಹೇಳುತ್ತೆ. ನಮ್ಮಲ್ಲಿ ಮೊದಲು ಬರೋದು ಸರ್ಕಾರ ನೇಮಿಸೋ ಆಡಳಿತಾಧಿಕಾರಿ. ಆಡಳಿತಾಧಿಕಾರಿಯ ಕಾಲದಲ್ಲಿ ಸ್ಥಾಯಿ ಸಮಿತಿ ಇಲ್ಲ, ಶೂನ್ಯವೇಳೆ ಇಲ್ಲ, ಬಾಟಲಿ ಹಿಡಿಯೋಕೂ ಯಾರೂ ಇಲ್ಲ. ಕಡತ ಮಾತ್ರ ಓಡ್ತಾ ಇರುತ್ತೆ.

ನಿಮ್ಮೂರಲ್ಲೂ ಅದೇ ಸ್ಥಿತಿ ಇದ್ದರೆ ಮಾಹಿತಿ ಹಕ್ಕಿನಲ್ಲಿ ಐದು ದಾಖಲೆ ಕೇಳಿ. ಒಂದು ಅರ್ಜಿಗೆ ಹತ್ತು ರೂಪಾಯಿ ಶುಲ್ಕ, ಉತ್ತರಕ್ಕೆ 30 ದಿನ ಗಡುವು. ಕಳೆದ 12 ತಿಂಗಳಲ್ಲಿ ಯಾರ್ಡಿಗೆ ಬಂದ ಮಣ್ಣಿನ ಬಿಲ್. ಲೀಚೆಟ್ ಟ್ಯಾಂಕರ್‌ಗಳ ಟ್ರಿಪ್ ಶೀಟ್. ಬಯೋಮೈನಿಂಗ್ ಸರ್ವೆ ವರದಿ, ಕೆಲಸಕ್ಕೆ ಮೊದಲಿನದ್ದು ಮತ್ತು ನಂತರದ್ದು. ಶೇ. 5ರ ಖಾತೆಯಲ್ಲಿ ತಿಂಗಳವಾರು ಖರ್ಚು. ಆ ಖರ್ಚಿನ ಫಲಾನುಭವಿಗಳಲ್ಲಿ 18 ವರ್ಷದ ಒಳಗಿನವರು ಎಷ್ಟು ಜನ, ಹೆಸರು ಬೇಡ, ಸಂಖ್ಯೆ ಸಾಕು. ಅರ್ಜಿ ಫೆಬ್ರವರಿ ಮೊದಲ ವಾರದಲ್ಲೇ ಹಾಕಿ. ಮಾರ್ಚ್ ಖರೀದಿಯ ಗಡಿಬಿಡಿ ಮುಗಿಯೋದಕ್ಕೆ ಮುಂಚೆ ಉತ್ತರ ಕೈಯಲ್ಲಿರಬೇಕು, ಮಳೆಗಾಲದ ಹೊದಿಕೆ ಹಾಕಿಸೋಕೆ ಏಪ್ರಿಲ್, ಮೇ ಉಳಿದಿರಬೇಕು.