ಉಯ್ಯಾಲೆಯ ಕೊಕ್ಕೆಗೆ ತೂಗಿದ ಸೈಕಲ್

ಕಳೆದ ವಾರ ಚಾಮುಂಡಿ ಬೆಟ್ಟದ ರಸ್ತೆಯನ್ನು ಹತ್ತುವಾಗ, ಹಗುರವಾದ ಗೇರಿಗೆ ಹಾಕಿದರೂ ಚೈನ್ ದೊಡ್ಡ ಹಲ್ಲುಚಕ್ರವನ್ನು ಏರದೆ ಕಟಕಟ ಸದ್ದು ಮಾಡುತ್ತಾ ತಡವರಿಸುತ್ತಿತ್ತು. ಅದೇ ಎಂಟು ಗೇರಿನ ಸೈಕಲ್ಲನ್ನು ಇಂದು ಹಜಾರದ ತೊಲೆಯಲ್ಲಿರುವ ಉಯ್ಯಾಲೆಯ ಕೊಕ್ಕೆಗೆ ಹಗ್ಗದಿಂದ ತೂಗುಹಾಕಿದ್ದೇನೆ. ಹಿಂದಿನ ಚಕ್ರ ನೆಲಕ್ಕೆ ತಾಗದೆ ತಿರುಗಿದರೆ ಸಾಕು, ದುಬಾರಿ ಸ್ಟ್ಯಾಂಡ್ ಬೇಕಾಗಿಲ್ಲ.

ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಡಿರೇಲರಿನ ಮೇಲೆ ಕಾಣುತ್ತಿರುವ ಈ ಎರಡು ಪುಟ್ಟ ಸ್ಕ್ರೂಗಳಿಗೆ ಮೊದಲೇ ಕೈಹಾಕಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಚೈನ್ ಒಂದು ಕಡೆ ಫ್ರೇಮಿನತ್ತ, ಇನ್ನೊಂದು ಕಡೆ ಚಕ್ರದ ಕಡ್ಡಿಗಳತ್ತ ಜಾರದಂತೆ ಗಡಿ ಹಾಕುವುದಷ್ಟೇ ಅವುಗಳ ಕೆಲಸ. ನಡುವಿನ ಗೇರುಗಳು ತಡವರಿಸಿದರೆ ನೋಡಬೇಕಾದದ್ದು ಗೇರ್ ಲಿವರಿನಿಂದ ಡಿರೇಲರಿಗೆ ಬರುವ ಕೇಬಲ್ಲನ್ನು.

1984ರಲ್ಲಿ ಶಿಮಾನೋ ಕಂಪನಿಯು ತನ್ನ ಸೈಕಲ್ ಬಿಡಿಭಾಗಗಳ ಡ್ಯೂರಾ-ಏಸ್ ಸರಣಿಯಲ್ಲಿ, ಪ್ರತಿ ಗೇರಿಗೂ ಟಕ್ಕೆಂದು ನಿಲ್ಲುವ ವ್ಯವಸ್ಥೆಯನ್ನು ತಂದಿತು. ಸವಾರನ ಅಂದಾಜಿನ ಜಾಗಕ್ಕೆ ಕೇಬಲ್ಲಿನ ಬಿಗಿತ ಬಂದು ನಿಂತದ್ದು ಹೀಗೆ. ನನ್ನ ಸೈಕಲ್ಲಿನ ಹಲ್ಲುಚಕ್ರಗಳ ನಡುವಿನ ಅಂತರ 4.8 ಮಿಲಿಮೀಟರ್, ಕೇಬಲ್ ಒಂದು ಮಿಲಿಮೀಟರ್ ಸಡಿಲವಾದರೆ ಡಿರೇಲರ್ ಸುಮಾರು 1.7 ಮಿಲಿಮೀಟರ್ ಹಿಂದುಳಿಯುತ್ತದೆ.

ಚೈನನ್ನು ಅತಿ ಚಿಕ್ಕ ಹಲ್ಲುಚಕ್ರಕ್ಕೆ ತಂದು, ಲಿವರನ್ನು ಒಂದೇ ಸಲ ಒತ್ತಿ, ಪೆಡಲ್ ತಿರುಗಿಸುತ್ತಿದ್ದೇನೆ. ಚೈನ್ ಎರಡನೆಯದಕ್ಕೆ ಏರಲು ಹಿಂಜರಿದರೆ, ಕೇಬಲ್ ಬಂದು ಸೇರುವಲ್ಲಿರುವ ಈ ಬ್ಯಾರಲ್ ಅಡ್ಜಸ್ಟರನ್ನು, ಅಂದರೆ ಬಿಗಿತ ಹೊಂದಿಸುವ ತಿರುಪನ್ನು, ಹಿಂದಿನಿಂದ ನೋಡಿದಂತೆ ಅಪ್ರದಕ್ಷಿಣವಾಗಿ ಕಾಲು ಸುತ್ತು ತಿರುಗಿಸಿ ಕೇಬಲ್ ಬಿಗಿಯಬೇಕು. ಮೂರನೆಯದಕ್ಕೆ ಉಜ್ಜಿದರೆ ಪ್ರದಕ್ಷಿಣವಾಗಿ.

ಕಾಲು ಸುತ್ತಿನಂತೆ ಮೂರು ಸಲ ಬಿಗಿದ ಮೇಲೆ ಚೈನ್ ಸಲೀಸಾಗಿ ಏರಿತು, ಆದರೆ ಇಳಿಯುವಾಗ ತಡೆಯಿತು. ಸ್ವಲ್ಪ ಸಡಿಲಿಸಿದರೆ ಇಳಿಯಿತು, ಮತ್ತೆ ಏರದಾಯಿತು. ಏರಿಸುವಾಗ ನಮ್ಮ ಹೆಬ್ಬೆರಳ ಬಲ ಕೇಬಲ್ಲನ್ನು ಎಳೆಯುತ್ತದೆ, ಇಳಿಯುವಾಗ ಡಿರೇಲರಿನ ಸ್ಪ್ರಿಂಗ್ ಒಂದೇ ಅದನ್ನು ಹಿಂದಕ್ಕೆ ಸೆಳೆಯಬೇಕು. ಆದ್ದರಿಂದ ಯಾವ ಬಿಗಿತವೂ ಎರಡಕ್ಕೂ ಒಪ್ಪದಿದ್ದಾಗ ಕೇಬಲ್ ಒಳಗೆಲ್ಲೋ ಹಿಡಿದುಕೊಂಡಿದೆ ಎಂದು ತಿಳಿಯಬೇಕು. ನೋಡಿ, ಡಿರೇಲರಿನ ಬಳಿ ಬಾಗಿರುವ ಈ ಹೊರಕವಚದೊಳಗೆ ಮಳೆನೀರು ಸೇರಿ ತುಕ್ಕು ಹಿಡಿದಿದೆ. 5 ಮಿಲಿಮೀಟರ್ ಅಲೆನ್ ಕೀಲಿಯಿಂದ ಕೇಬಲ್ ಹಿಡಿದಿರುವ ಬೋಲ್ಟ್ ಸಡಿಲಿಸಿ, ಈ ತುಂಡನ್ನೂ ಒಳಗಿನ ಕೇಬಲ್ಲನ್ನೂ ಬದಲಾಯಿಸಿದೆ.

ಈಗ ಎಂಟೂ ಗೇರುಗಳು ಏರಿಳಿಯುತ್ತಿವೆ. ಹೊಸ ಕೇಬಲ್ ಮೊದಲ ಕೆಲವು ಸವಾರಿಗಳಲ್ಲಿ ತುಸು ಸಡಿಲವಾಗುವುದರಿಂದ, ಭಾನುವಾರ ಬೆಟ್ಟದಿಂದ ಇಳಿದ ಮೇಲೆ ಇನ್ನೊಂದು ಕಾಲು ಸುತ್ತು ಬಿಗಿಯಬೇಕಾಗಬಹುದು.