ಕಾಪು ಲೈಟ್‌ಹೌಸಿಗೆ ಕಡಲ ದಂಡೆಯ ದಾರಿ

ಎಲ್ಲರಿಗೂ ನಮಸ್ಕಾರ.

ನಾಳೆ ಸಂಜೆ ಹೊರಡುವವರಲ್ಲಿ ಹೆಚ್ಚಿನವರು ಉಡುಪಿ ಹತ್ತಿರದ ಈ ಕಾಪು ನೋಡಿದವರೇ. ಹೆದ್ದಾರಿಯಿಂದ ತಿರುಗಿ, ಕಾರು ನಿಲ್ಲಿಸಿ, ಬಂಡೆ ಹತ್ತಿ, ನಾಲ್ಕು ಫೋಟೊ ತೆಗೆದು ಬಂದಿರುತ್ತೀರಿ. ನನ್ನ ತಕರಾರು ಅಲ್ಲೇ ಇರುವುದು. ಲೈಟ್‌ಹೌಸನ್ನು ಕಟ್ಟಿದ್ದು ಕಡಲಿನಿಂದ ಬರುವವನ ಕಣ್ಣಿಗೆ. ನಾವು ಅದರ ಬೆನ್ನು ನೋಡಿ ವಾಪಸಾಗುತ್ತೇವೆ. ದೋಣಿ ಇಲ್ಲದ ನಮಗೆ ಉಳಿದ ಉಪಾಯವೆಂದರೆ ದಂಡೆಗುಂಟ ನಡೆದುಕೊಂಡು ಹೋಗುವುದು.

ಕೈಪುಂಜಾಲಿನ ಕಡೆ ಮರಳಿಗಿಳಿದು, ಕಡಲನ್ನು ಬಲಕ್ಕಿಟ್ಟುಕೊಂಡು ದಕ್ಷಿಣಕ್ಕೆ ನಡೆದರಾಯಿತು. ಏರಿಲ್ಲ, ಇಳಿಜಾರಿಲ್ಲ, ದಾರಿ ತಪ್ಪುವ ಮಾತೇ ಇಲ್ಲ. ನೀರು ಇಳಿದ ಹೊತ್ತು ನೋಡಿಕೊಳ್ಳಬೇಕು ಅಷ್ಟೆ. ಇಳಿತದಲ್ಲಿ ಒದ್ದೆ ಮರಳು ಗಟ್ಟಿಯಾಗಿರುತ್ತದೆ. ಉಬ್ಬರವಾದರೆ ಮೇಲಿನ ಒಣ ಮರಳೇ ಗತಿ, ಹೆಜ್ಜೆಹೆಜ್ಜೆಗೂ ಕಾಲು ಹೂತು ಮೀನಖಂಡ ಹಿಡಿಯುತ್ತದೆ.

ಆ ಒದ್ದೆ ಮರಳಿನ ಮೇಲೆ ಸಾಸಿವೆಗಿಂತ ಸ್ವಲ್ಪ ದೊಡ್ಡ ಮರಳುಗುಂಡುಗಳು ಬಿಲದ ಸುತ್ತ ಹರಡಿರುವುದನ್ನು ಕೂತು ನೋಡಿ. ಅದು ಪುಟ್ಟ ಏಡಿಗಳ ಕೆಲಸ. ಮರಳನ್ನು ಬಾಯಿಗಿಟ್ಟು, ಅದರಲ್ಲಿನ ಆಹಾರ ಸೋಸಿಕೊಂಡು, ಉಳಿದದ್ದನ್ನು ಉಂಡೆ ಕಟ್ಟಿ ಪಕ್ಕಕ್ಕಿಡುತ್ತವೆ. ಮುಂದಿನ ಉಬ್ಬರಕ್ಕೆ ಎಲ್ಲ ಅಳಿಸಿಹೋಗುತ್ತದೆ.

ಅದೃಷ್ಟವಿದ್ದರೆ ಕೈರಂಪಣಿ, ಅಂದರೆ ದಡದಿಂದ ಕೈಯಲ್ಲೇ ಎಳೆಯುವ ಮೀನಿನ ಬಲೆ, ಎಳೆಯುವುದೂ ಕಂಡೀತು. ಹಗ್ಗದ ಒಂದು ತುದಿ ದಡದಲ್ಲಿ ಉಳಿಯುತ್ತದೆ. ದೋಣಿ ಬಲೆ ಬಿಡುತ್ತಾ ಅರ್ಧ ಸುತ್ತು ಹೊಡೆದು ಇನ್ನೊಂದು ತುದಿಯನ್ನು ದಡಕ್ಕೆ ತರುತ್ತದೆ. ಎರಡೂ ಕಡೆ ಜನ ನಿಂತು ಎಳೆಯುತ್ತಾರೆ. ಎಳೆಯುವ ಹಗ್ಗವನ್ನು ದಾಟಿ ಹೋಗಬೇಡಿ, ಅವರ ಹಿಂದಿನಿಂದ ಸುತ್ತಿಕೊಂಡು ಹೋಗಿ.

ನಡೆಯುತ್ತಾ ಹೋದಂತೆ ಗೋಪುರ ಅಲ್ಲೇ ಏಕೆ ನಿಂತಿದೆ ಎಂಬುದು ತಾನಾಗಿ ತಿಳಿಯುತ್ತದೆ. ಅಷ್ಟು ದೂರ ಬರೀ ಮರಳಾಗಿದ್ದ ದಂಡೆ ಅಲ್ಲಿ ಒಮ್ಮೆಲೇ ಕಲ್ಲಾಗುತ್ತದೆ. ದಡದಲ್ಲಿ ದೊಡ್ಡ ಬಂಡೆ, ನೀರಲ್ಲೂ ಬಂಡೆ. ಅಲೆ ಒಡೆದು ನೊರೆಯೆದ್ದಾಗ ಮಾತ್ರ ಕಾಣುವಂಥವೂ ಇವೆ. ನಾವು ಸೆಲ್ಫಿಗೆ ಹತ್ತುವ ಕಲ್ಲು ಹಡಗಿನವನಿಗೆ ಕಂಟಕ. ಈ ಗೋಪುರ ಎದ್ದದ್ದು 1901ರಲ್ಲಿ, ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದಲ್ಲಿದ್ದ ಕಾಲದಲ್ಲಿ.

ಎತ್ತರ 27 ಮೀಟರ್. ಇಷ್ಟೆತ್ತರ ಯಾಕೆ? ಭೂಮಿ ದುಂಡಗಿರುವುದರಿಂದ. ದಡದಲ್ಲಿ ನಿಂತವನಿಗೆ ಬಾನಂಚು 5 ಕಿಲೋಮೀಟರಿನೊಳಗೇ ಮುಗಿಯುತ್ತದೆ. 27 ಮೀಟರ್ ಮೇಲೇರಿದರೆ ಸುಮಾರು 18 ಕಿಲೋಮೀಟರ್. ಕೆಳಗಿನ ಬಂಡೆಯ ಎತ್ತರವನ್ನೂ ಕೂಡಿಸಿದರೆ ಇನ್ನಷ್ಟು. ಮೇಲೆ ಹತ್ತಿದಾಗ ಎಲ್ಲರೂ ತೆಂಗಿನ ತೋಟಗಳ ಕಡೆ ತಿರುಗುತ್ತಾರೆ, ಚೆಂದವೂ ಹೌದು. ನೀವು ಪಡುವಣದ ಕಡೆಗೂ ಸ್ವಲ್ಪ ಹೊತ್ತು ನಿಲ್ಲಿ.

ದೀಪದ ವಿಷಯ. ಆ ಕಾಲದ ಲೈಟ್‌ಹೌಸುಗಳಲ್ಲಿ ಸೀಮೆಎಣ್ಣೆಯೇ ಉರಿಯುತ್ತಿತ್ತು. ಎಣ್ಣೆದೀಪದ ಬೆಳಕು ಅಷ್ಟು ದೂರ ಹೋಗುವಂತೆ ಮಾಡಿದ್ದು ಫ್ರಾನ್ಸಿನ ಆಗಸ್ಟಿನ್ ಫ್ರೆನೆಲ್ 1820ರ ದಶಕದಲ್ಲಿ ತಂದ ಮಸೂರ. ಒಂದೇ ದಪ್ಪ ಗಾಜಿನ ಬದಲು ಉಂಗುರ ಉಂಗುರವಾಗಿ ಜೋಡಿಸಿದ ಗಾಜುಗಳು; ಎಲ್ಲೆಡೆ ಚೆದುರುವ ಬೆಳಕನ್ನು ಬಾಗಿಸಿ ಒಂದೇ ಕಡೆಗೆ ಕಳಿಸುತ್ತವೆ. ಒಂದೊಂದು ಲೈಟ್‌ಹೌಸಿನ ಮಿಣುಕಿಗೂ ಅದರದೇ ಲೆಕ್ಕ. ನಾವಿಕ ಗಡಿಯಾರ ಹಿಡಿದು ಎಣಿಸಿ, ತನ್ನ ಪಟ್ಟಿ ನೋಡಿ, ಇದು ಕಾಪು, ಸುರತ್ಕಲ್ ಅಲ್ಲ ಎಂದು ಗುರುತಿಸುತ್ತಾನೆ. ಹಡಗುಗಳಿಗೆ ಈಗ ಜಿಪಿಎಸ್ ಇದೆ, ನಿಜ. ಆದರೆ ಯಂತ್ರ ಹೇಳಿದ್ದನ್ನು ಕಣ್ಣಿನಿಂದ ತಾಳೆ ನೋಡಲು ಬೇರೇನಿದೆ?

ಇನ್ನು ಕೆಲಸದ ಮಾತು. ಗೋಪುರ ಹತ್ತಲು ಬಿಡುವುದು ಸಂಜೆ ಸ್ವಲ್ಪ ಹೊತ್ತು ಮಾತ್ರ, ಆದ್ದರಿಂದ ದಾರಿಯಲ್ಲಿ ಏಡಿ ನೋಡುತ್ತಾ ಕೂತುಬಿಡಬೇಡಿ. ಮಂಡಿನೋವಿನವರು ಕೆಳಗೇ ಇರಿ, ಮೆಟ್ಟಿಲು ಕಡಿದು. ಪಾಚಿ ಹಿಡಿದ ಕಲ್ಲಿನ ಮೇಲೆ ಯಾರೂ ಕಾಲಿಡಬೇಡಿ. ಕತ್ತಲಾದ ಮೇಲೂ ಹತ್ತು ನಿಮಿಷ ಮರಳಲ್ಲಿ ಕೂತು ಮಿಣುಕು ಎಣಿಸೋಣ. ಕೈಗಡಿಯಾರ ಇದ್ದವರು ತನ್ನಿ. ಮಳೆಗಾಲದಲ್ಲಿ ಈ ದಾರಿ ಹಿಡಿಯಬಹುದೇ ಎಂದು ಆಗಲೇ ಒಬ್ಬರು ಕೇಳಿದರು. ಖಂಡಿತ ಬೇಡ. ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿಗಳೇ ಕಡಲಿಗಿಳಿಯುವುದಿಲ್ಲ. ಬೇರೆ ಏನಾದರೂ ಕೇಳುವುದಿದ್ದರೆ ಈಗಲೇ ಕೇಳಿ.